ನೀರಿನ ಕಡೆಯ ಜಗಲಿ

ಪೆಲ್ಟೊಲಾ, ಫಿನ್‌ಲ್ಯಾಂಡ್
ಅಕ್ಟೋಬರ್ 14, 2018

ಹೆಲ್ಲೆವಿಗೆ,

ಈ ಕೈಬರಹ ಯಾರದೆಂದು ನಿನಗೆ ತಕ್ಷಣ ಗೊತ್ತಾಗಲಿಕ್ಕಿಲ್ಲ. ಇಷ್ಟು ವರ್ಷ ನಿನಗೆ ಕ್ರಿಸ್ಮಸ್ ಕಾರ್ಡು ಬರೆಯುತ್ತಿದ್ದವನು ಎಸ್ಕೊ. ನಾನು ಅಂಚೆಚೀಟಿ ಹಚ್ಚುತ್ತಿದ್ದೆ, ಅಷ್ಟೇ. ಅವನು ಹೋಗಿ ಏಳು ತಿಂಗಳಾಯಿತು. ಅವನ ಬೂಟು ಇನ್ನೂ ಬಾಗಿಲ ಹತ್ತಿರವೇ ಇದೆ. ಗುಡಿಸುವಾಗ ಎತ್ತಿ, ಗುಡಿಸಿ, ಮತ್ತೆ ಅಲ್ಲೇ ಇಡುತ್ತೇನೆ.

ಮಣ್ಣಾದ ಮೇಲೆ ಚರ್ಚಿನ ಸಭಾಂಗಣದಲ್ಲಿ ಎಲ್ಲರಿಗೂ ಕಾಫಿ ಕೊಟ್ಟೆವು. ಪದ್ಧತಿಯಂತೆ ಎಸ್ಕೊನ ತಮ್ಮ ಎದ್ದು ನಿಂತು, ಬಂದ ಸಂತಾಪದ ಕಾರ್ಡುಗಳನ್ನೆಲ್ಲ ಗಟ್ಟಿಯಾಗಿ ಓದಿದ. ಮರದ ಮಿಲ್ಲಿನವರದು, ಕ್ರೀಡಾ ಸಂಘದವರದು, ಎದುರು ಮನೆಯವರದು. ಎಲ್ಲದರಲ್ಲೂ ಅಂಗಡಿಯಲ್ಲೇ ಅಚ್ಚಾಗಿ ಬಂದ ಪದ್ಯ. ಆಮೇಲೆ ನಿನ್ನದು. "ಎಸ್ಕೊ, ಕುಣಿತಕ್ಕೆ ಧನ್ಯವಾದ. ಹೆಲ್ಲೆವಿ, ಬೊರೋಸ್." ಅಷ್ಟೇ. ಎರಡು ಹಾಡು ಕುಣಿದ ಮೇಲೆ ಹೆಣ್ಣನ್ನು ಕರೆತಂದ ಜಾಗಕ್ಕೇ ವಾಪಸ್ ಬಿಟ್ಟು ಗಂಡು ಹೇಳುವ ಮಾತದು. ಅಲ್ಲಿದ್ದವರೆಲ್ಲ ಕಪ್ಪು ಕೆಳಗಿಟ್ಟು ನನ್ನ ಕಡೆ ನೋಡಿದರು. ನಾನು ಬನ್ನಿನ ತಟ್ಟೆ ಹಿಡಿದಿದ್ದೆ. ಅದನ್ನು ಮುಂದಿನ ಮೇಜಿಗೆ ತೆಗೆದುಕೊಂಡು ಹೋದೆ.

ಆ ವಿಷಯಕ್ಕೆ ಈ ಕಾಗದ ಬರೆಯುತ್ತಿಲ್ಲ. ಬರೆಯುತ್ತಿರುವುದು ಸರೋವರದ ದಂಡೆಯಲ್ಲಿದ್ದ ಹೌಕಿರಂತದ ಕುಣಿತದ ಮಂಟಪದ ವಿಷಯಕ್ಕೆ. ಅದನ್ನು ಎಂಬತ್ತರ ದಶಕದಲ್ಲೇ ಕೆಡವಿದರು, ನಿನಗೆ ಗೊತ್ತಿರಬಹುದು. ಈಗ ಅಲ್ಲಿ ಪ್ರವಾಸದ ಗಾಡಿಗಳು ನಿಲ್ಲುತ್ತವೆ. ನಮ್ಮ ಗ್ರಂಥಾಲಯದಲ್ಲಿ ಮಾರಿಕಾ ಎನ್ನುವವಳಿದ್ದಾಳೆ, ನಲವತ್ತು ದಾಟಿದವಳು, ಒಳ್ಳೆಯವಳು. ಅವಳು ಆ ಮಂಟಪವನ್ನು ಕಂಪ್ಯೂಟರಿನೊಳಗೆ ಮತ್ತೆ ಕಟ್ಟುತ್ತಿದ್ದಾಳೆ. ಕಣ್ಣಿಗೆ ಒಂದು ದಪ್ಪ ಕನ್ನಡಕ ಕಟ್ಟಿಕೊಂಡರೆ ಅದರೊಳಗೆ ನಡೆದಾಡಬಹುದು. ಹಳಬರನ್ನೆಲ್ಲ ಕರೆಸಿ ಕಾಫಿ ಕೊಟ್ಟು ಕೇಳುತ್ತಾಳೆ, ಕಂಬ ಎಲ್ಲಿತ್ತು, ಬಾಗಿಲು ಎತ್ತ ತೆರೆಯುತ್ತಿತ್ತು ಎಂದು. ಅವಳದೊಂದು ನಿಯಮವಿದೆ. ಫೋಟೊದಲ್ಲಿ ಇದ್ದದ್ದಕ್ಕೆ, ಇಲ್ಲವೇ ಇಬ್ಬರು ಒಂದೇ ರೀತಿ ಹೇಳಿದ್ದಕ್ಕೆ ಪೂರ್ತಿ ಬಣ್ಣ. ಒಬ್ಬರೇ ಹೇಳಿದ್ದಕ್ಕೆ ಹಾಲು ಹೆಚ್ಚಾದ ಕಾಫಿಯಂಥ ತೆಳು ಬಣ್ಣ. ಯಾರಿಗೂ ಗೊತ್ತಿಲ್ಲದ್ದಕ್ಕೆ ಬೂದು. ಬೂದು ಎಂದರೆ ಗೋಡೆ, ಅದರಾಚೆ ಹೋಗುವ ಹಾಗಿಲ್ಲ.

ಫೋಟೊಗಳಲ್ಲೆಲ್ಲ ವಾದ್ಯದವರೇ ಇದ್ದಾರೆ, ಹಾಗಾಗಿ ಅವರ ಎದುರಿಗಿದ್ದ ನೀರಿನ ಕಡೆ ಒಂದರಲ್ಲೂ ಬಂದಿಲ್ಲ. ಆ ಬಾಗಿಲು, ಅದರಾಚೆಯ ಜಗಲಿ, ಎಲ್ಲ ಬೂದು. ನೀನು ಸ್ವೀಡನ್ನಿಗೆ ಹೋದ ಮರುವಸಂತದಲ್ಲಿ ಸರೋವರದ ಮಂಜುಗಡ್ಡೆ ಒಡೆದು ಜಗಲಿಯನ್ನು ಕಿತ್ತುಕೊಂಡು ಹೋಯಿತು. ಸಂಘದವರು ಬಾಗಿಲಿಗೆ ಮೊಳೆ ಹೊಡೆದರು. ಅದಕ್ಕೂ ಮೊದಲಿನ ಬೇಸಿಗೆಗಳಲ್ಲಿ ನಾನು ಕಾಫಿ ಮಾರುವ ಕಿಟಕಿಯ ಒಳಗೇ ಇದ್ದೆ. ಆಗ ನಮ್ಮ ಜೊತೆ ಕುಣಿಯಲು ಬರುತ್ತಿದ್ದ ವೈಕ್ಕೊನನ್ನು ಕೇಳಿದರೆ, "ನಾನು ಕಾಡಿನ ಕಡೆಯವನು ಕಣಮ್ಮ, ಬಾಟ್ಲಿ ಬಚ್ಚಿಡ್ತಿದ್ದದ್ದು ಅಲ್ಲೇ" ಎನ್ನುತ್ತಾನೆ. ಉಳಿದವರು ಸತ್ತಿದ್ದಾರೆ, ಇಲ್ಲವೇ ಮರೆತಿದ್ದಾರೆ.

ಆ ಜಗಲಿಗೆ ಹೋಗಿದ್ದವರಲ್ಲಿ ನನಗೆ ಗೊತ್ತಿರುವವರು ಇಬ್ಬರು. ಒಬ್ಬ ಈಗ ಇಲ್ಲ. ಅದು ಹೇಗಿತ್ತೆಂದು ಬರೆದು ಕಳಿಸು.

ಸಿರ್ಕಾ

—

ಬೊರೋಸ್, ಸ್ವೀಡನ್
ನವೆಂಬರ್ 2, 2018

ಸಿರ್ಕಾ,

ಕಾರ್ಡಿನ ವಿಷಯಕ್ಕೆ ಬರೆಯುತ್ತಿಲ್ಲ ಎನ್ನುವುದಕ್ಕೇ ಅರ್ಧ ಪುಟ ಖರ್ಚು ಮಾಡಿದ್ದೀಯ. ನೀನು ಬದಲಾಗಿಲ್ಲ.

ಅಲ್ಲಿ ಗಟ್ಟಿಯಾಗಿ ಓದುತ್ತಾರೆ ಎನ್ನುವುದು ನನಗೆ ಮರೆತೇ ಹೋಗಿತ್ತು. ನನ್ನ ಗಂಡ ಲೆನಾರ್ಟ್ ಹೋದಾಗ ಇಲ್ಲಿ ಯಾರೂ ಏನೂ ಓದಲಿಲ್ಲ, ಹೂವಿನ ಪಕ್ಕ ಇಟ್ಟರು, ಮುಗಿಯಿತು. ಹೊರಗೆ ಐವತ್ತೈದು ವರ್ಷ ಬದುಕಿದರೆ ಹೀಗೇ, ನಮ್ಮ ಜನ ಏನೇನು ಮಾಡುತ್ತಾರೆ ಎನ್ನುವುದೇ ಮರೆಯುತ್ತದೆ. ಅದನ್ನು ನಾನು ಬರೆದದ್ದು ಅವನಿಗೆ. ನಿನ್ನ ಬನ್ನಿನ ತಟ್ಟೆಗಲ್ಲ. ಮುಜುಗರವಾಗಿದ್ದರೆ ಅದಕ್ಕೆ ಬೇಸರವಿದೆ. ಬರೆದದ್ದಕ್ಕೆ ಇಲ್ಲ.

ಜಗಲಿಯ ವಿಷಯ. ನಿನಗೇಕೆ ಬೇಕು ಅದು? ಬೇಸಿಗೆಯುದ್ದಕ್ಕೂ ಕೆಟಲ್ಲಿನ ಹಬೆಯೊಳಗೆ ನಿಂತು ಎಲ್ಲರನ್ನೂ ನೋಡುತ್ತಿದ್ದೆ, ಯಾರು ಯಾರ ಜೊತೆ ಎಷ್ಟು ಹಾಡು ಎಂದು ನಿನಗೆ ಬಾಯಿಪಾಠ. ನಿನ್ನ ಕಣ್ಣಿಗೆ ಬೀಳದ ಜಾಗ ಅದೊಂದೇ ಇತ್ತು. ಅದನ್ನೂ ಕೇಳುತ್ತೀಯಲ್ಲ.

ಮಾರಿಕಾಗೆ ಹೇಳು, ಹೆಲ್ಲೆವಿಗೆ ವಯಸ್ಸಾಗಿದೆ, ಏನೂ ನೆನಪಿಲ್ಲ ಅಂತ. ನಿನ್ನ ಕಿಟಕಿಯನ್ನು ಕಟ್ಟಿಸಿಕೋ. ಚೆನ್ನಾಗಿ ಕಟ್ಟುತ್ತಾಳೆ.

ನನ್ನ ಸೊಂಟದ ಆಪರೇಷನ್ ಆಯಿತು. ನಡೆಯುತ್ತೇನೆ. ಕುಣಿಯುವುದಿಲ್ಲ.

ಹೆಲ್ಲೆವಿ

—

ಪೆಲ್ಟೊಲಾ
ನವೆಂಬರ್ 25, 2018

ಹೆಲ್ಲೆವಿ,

ನೀನು ಹೇಳಿದ ಹಾಗೆ ನನ್ನ ಕಿಟಕಿಯನ್ನು ಕಟ್ಟಿಸಿಕೊಂಡೆ.

ಮಾರಿಕಾ ಪಕ್ಕ ಕೂರಿಸಿಕೊಂಡು ಒಂದೊಂದೇ ಕೇಳಿದಳು. ಕಿಟಕಿಯ ಹಲಗೆ ಎಷ್ಟು ಎತ್ತರವಿತ್ತು? ನನ್ನ ಪಕ್ಕೆಲುಬಿನ ಕೆಳಗೆ ಬರುತ್ತಿತ್ತು ಎಂದೆ. ಆ ವಯಸ್ಸಿನಲ್ಲಿ ಎಷ್ಟು ಎತ್ತರವಿದ್ದಿರಿ? ಈಗಿರುವುದಕ್ಕಿಂತ ಸ್ವಲ್ಪ ಹೆಚ್ಚು. ಒಲೆ ಎಡಕ್ಕೆ, ಕಪ್ಪುಗಳ ಗೂಡು ಬಲಕ್ಕೆ, ಸಕ್ಕರೆ ಡಬ್ಬಿ ಹಲಗೆಯ ಮೇಲೆ. ವೈಕ್ಕೊನೂ ಹಾಗೇ ಹೇಳಿದ್ದರಿಂದ ಪೂರ್ತಿ ಬಣ್ಣ ಬಂತು. ಆಮೇಲೆ ಕನ್ನಡಕ ಕಟ್ಟಿದಳು. "ಹೆದರ್ಬೇಡಿ ಸಿರ್ಕಾ, ನಾನು ಹಿಂದೇನೇ ಇದ್ದೀನಿ" ಎಂದಳು. ಹೆದರಲಿಲ್ಲ. ತಲೆ ತಿರುಗಿಸಿದರೆ ಕಂಬ, ಮೇಲೆ ನೋಡಿದರೆ ಬಣ್ಣದ ಬಲ್ಬು, ಎದುರಿಗೆ ನನ್ನ ಕಿಟಕಿ. ನಡೆದು ಹೋಗಿ ಹಲಗೆಯ ಮೇಲೆ ಕೈ ಇಟ್ಟೆ. ಕೈ ಅದರೊಳಗೆ ಹೋಯಿತು.

ನಿನಗೆ ಇದು ಗೊತ್ತಿರಲಿಕ್ಕಿಲ್ಲ, ಆಗ ನೀನು ಬೊರೋಸಿನಲ್ಲಿದ್ದೆ. ನೀನು ಹೋದ ಮರುಬೇಸಿಗೆಯಲ್ಲಿ ಒಂದು ದಿನ ಕೊನೆಯ ವಾಲ್ಟ್ಸ್ ಹೊತ್ತಿಗೆ ಎಸ್ಕೊ ಕಿಟಕಿಗೆ ಬಂದು ತಲೆ ಬಾಗಿಸಿದ. ಹಿಂದೆ ಯಾರೋ ಹುಡುಗಿ ಇರಬೇಕೆಂದು ನಾನು ತಿರುಗಿ ನೋಡಿದೆ. ಹಿಂದೆ ಇದ್ದದ್ದು ಒಲೆ. ಏಪ್ರನ್ ಬಿಚ್ಚಿ ಪಕ್ಕದ ಬಾಗಿಲಿನಿಂದ ಹೊರಗೆ ಬಂದೆ. ಕುಣಿದೆವು. ಮುಗಿದ ಮೇಲೆ ಕರೆತಂದಲ್ಲಿಗೇ ಬಿಡಬೇಕಲ್ಲ. "ಬಾಗ್ಲಿಂದ ಹೋಗ್ತೀನಿ ಬಿಡು" ಎಂದೆ. "ನಾನು ಕರೆದದ್ದು ಕಿಟಕಿಯಿಂದ" ಎಂದವನೇ ನನ್ನನ್ನು ಎತ್ತಿ ಹಲಗೆಯ ಮೇಲಿಂದ ಒಳಗೆ ಇಳಿಸಿದ. ಸಕ್ಕರೆ ಡಬ್ಬಿ ಉರುಳಿತು. ಎಲ್ಲರೂ ನಕ್ಕರು. ಅವನು ಮಾತ್ರ ನಗದೆ ಧನ್ಯವಾದ ಹೇಳಿ ಹೋದ.

ಇದನ್ನು ಮಾರಿಕಾಗೂ ಹೇಳಿಬಿಟ್ಟೆ. ಹೇಳಬಾರದಿತ್ತು. ಈಗ ಗ್ರಂಥಾಲಯಕ್ಕೆ ಬಂದವರೆಲ್ಲ ಕನ್ನಡಕ ಕಟ್ಟಿಕೊಂಡು ಮೊದಲು ಅಲ್ಲಿಗೇ ಹೋಗುತ್ತಾರೆ. "ಇದೇ ಅಲ್ವಾ ಎತ್ತಿ ಇಳಿಸಿದ ಕಿಟಕಿ?" ಎನ್ನುತ್ತಾರೆ. ಅದಕ್ಕಿಂತ ಕೆಟ್ಟದ್ದು ಇನ್ನೊಂದಿದೆ. ಮೊದಲು ಕಣ್ಣು ಮುಚ್ಚಿದರೆ ನನ್ನ ಕಿಟಕಿ ಕಾಣುತ್ತಿತ್ತು, ಮಸುಕಾಗಿ, ಅವನ ಅಂಗಿಯ ವಾಸನೆಯ ಜೊತೆ. ಈಗ ಕಣ್ಣು ಮುಚ್ಚಿದರೆ ಮಾರಿಕಾಳ ಕಿಟಕಿ ಕಾಣುತ್ತದೆ. ಸ್ವಚ್ಛವಾಗಿದೆ. ವಾಸನೆ ಇಲ್ಲ.

ನಿನ್ನದು ಹಾಗೇ ಉಳಿದಿದೆ. ಅದನ್ನು ನನಗೆ ತಡೆಯಲಾಗುತ್ತಿಲ್ಲ, ಇದ್ದದ್ದು ಇದ್ದ ಹಾಗೆ ಹೇಳುತ್ತಿದ್ದೇನೆ.

ಮದುವೆಯಾಗಿ ಕೆಲವು ವರ್ಷದ ಮೇಲೆ ಒಂದು ಸಲ ಅವನನ್ನು ಕೇಳಿದ್ದೆ. ದೋಣಿಗೆ ಟಾರು ಬಳಿಯುತ್ತಿದ್ದ. ಆ ಜಗಲಿಯಲ್ಲಿ ನೀವಿಬ್ಬರೂ ಏನು ಮಾಡುತ್ತಿದ್ದಿರಿ ಎಂದು ಕೇಳಿದೆ. ಕುಂಚ ಎತ್ತದೆ ಹೇಳಿದ, "ಗಾಳಿಗೆ ನಿಂತಿದ್ವಿ. ನಡುವೆ ಒಂದು ತೋಳಿನಷ್ಟು ಜಾಗ ಇತ್ತು." ಅವನು ಸುಳ್ಳು ಹೇಳುವವನಲ್ಲ. ಮತ್ತೆ ಕೇಳಲಿಲ್ಲ. ಆ ಒಂದು ತೋಳಿನಷ್ಟು ಜಾಗವನ್ನು ಇಟ್ಟುಕೊಂಡೇ ನಾನು ಇಷ್ಟು ವರ್ಷ ಬಾಳಿದ್ದೇನೆ.

ಅದನ್ನು ನೋಡಬೇಕು ಎನಿಸುತ್ತದೆ, ಹೆಲ್ಲೆವಿ. ಬೇರೇನೂ ಅಲ್ಲ.

ಸಿರ್ಕಾ

—

ಬೊರೋಸ್
ಡಿಸೆಂಬರ್ 19, 2018

ಸಿರ್ಕಾಗೆ ಕ್ರಿಸ್ಮಸ್ ಶುಭಾಶಯ. ಲಕೋಟೆಯ ಮೇಲೆ ಒಂದೇ ಹೆಸರು ಬರೆಯುವಾಗ ಕೈ ನಿಂತಿತು.

ನಿನ್ನ ಕಾಗದ ಓದಿದೆ. ಎರಡು ಸಲ. ಎತ್ತಿ ಇಳಿಸಿದ್ದು ನನಗೆ ಗೊತ್ತಿರಲಿಲ್ಲ. ಬರೆಯದಿದ್ದರೂ ಆಗುತ್ತಿತ್ತು.

ಅದು ಬೂದಾಗಿಯೇ ಇರಲಿ.

ಹೆ.

—

ಪೆಲ್ಟೊಲಾ
ಫೆಬ್ರವರಿ 3, 2019

ಹೆಲ್ಲೆವಿ,

ನಿನ್ನ ಬೂದು ಗೋಡೆಯ ಸಮಾಚಾರ ಹೇಳುತ್ತೇನೆ, ಸಂತೋಷಪಡು.

ಈಗ ನನ್ನ ಕಿಟಕಿಗೆ ಯಾರೂ ಹೋಗುವುದಿಲ್ಲ. ನೋಡಿ ಆಯಿತಲ್ಲ. ಎಲ್ಲರೂ ನೀರಿನ ಕಡೆಗೇ ಹೋಗುತ್ತಾರೆ, ಗೋಡೆಯ ಮುಂದೆ ನಿಂತು, ಆಚೆ ಏನಿತ್ತು ಎಂದು ಕೇಳುತ್ತಾರೆ. ಮಾರಿಕಾ ಪ್ರಾಮಾಣಿಕಳು, ಗೊತ್ತಿಲ್ಲ ಎನ್ನುತ್ತಾಳೆ. ಗೊತ್ತಿಲ್ಲ ಎಂದರೆ ಜನಕ್ಕೆ ಇನ್ನೂ ರುಚಿ. ವೈಕ್ಕೊ ಮೊನ್ನೆ ಎಲ್ಲರೆದುರು ಹೇಳಿದ, "ಆಚೆ ಇದ್ದದ್ದು ಸ್ವೀಡನ್ನು ಕಣ್ರೋ, ಹೆಲ್ಲೆವಿ ಆ ಬಾಗ್ಲಿಂದ ಹೋದವಳು ವಾಪಸ್ ಬರ್ಲೇ ಇಲ್ಲ." ಎಲ್ಲರೂ ನಕ್ಕರು. ನಾನೂ ನಕ್ಕೆ. ಮನೆಗೆ ಬಂದು ಒಲೆಗೆ ಸೌದೆ ತುರುಕುವಾಗ ಬೆರಳು ಸುಟ್ಟುಕೊಂಡೆ.

ಎಲ್ಲರೂ ಕುಣಿಯಲು ಕರೆಯುತ್ತಿದ್ದದ್ದು ನಿನ್ನನ್ನು. ನಾನು ಕಪ್ಪು ತೊಳೆಯುತ್ತಿದ್ದೆ. ಐವತ್ತೈದು ವರ್ಷವಾಯಿತು, ಮಂಟಪ ಕೆಡವಿಯಾಯಿತು, ಅವನೂ ಹೋದ. ಮತ್ತೆ ಅದನ್ನು ಗಾಳಿಯಲ್ಲಿ ಕಟ್ಟಿದರೆ ಅಲ್ಲೂ ಜನ ನಿನ್ನ ಬಾಗಿಲಿಗೇ ಸಾಲು ನಿಲ್ಲುತ್ತಾರೆ. ಮುಖ ತೋರಿಸದೆಯೇ ಗೆದ್ದೆ.

ನನ್ನದನ್ನು ನಾನು ಕೊಟ್ಟು ಬರಿಗೈಯಾದೆ. ನೀನು ಕೊಡದೆ ಇಟ್ಟುಕೊಂಡಿದ್ದೀಯ. ಜಾಣೆ.

ಇನ್ನು ಕೇಳುವುದಿಲ್ಲ.

ಸಿರ್ಕಾ

—

ಬೊರೋಸ್
ಮಾರ್ಚ್ 4, 2019

ಸಿರ್ಕಾ,

ಗೆದ್ದೆ ಎನ್ನುತ್ತೀಯ. ಏನನ್ನು, ಮಾರಾಯ್ತಿ?

ನಿನ್ನ ಕಾಗದಕ್ಕೆ ಉತ್ತರ ಬರೆಯಬಾರದೆಂದೇ ಇದ್ದೆ. ಆದರೆ ಭಾನುವಾರ ಮೊಮ್ಮಗಳು ಬಂದಿದ್ದಳು. ಅಜ್ಜಿ, ನಿಮ್ಮೂರಿನ ಗ್ರಂಥಾಲಯ ಚಿತ್ರಗಳನ್ನು ಹಾಕಿದೆ ನೋಡು ಎಂದು ಫೋನು ಕೊಟ್ಟಳು. ಕಂಬ, ಬಲ್ಬು, ನೆಲ, ಎಲ್ಲ ಇದ್ದ ಹಾಗೇ. ನಿನ್ನ ಕಿಟಕಿ. ಅದರ ಕೆಳಗೆ ಬರೆದಿದ್ದರು, ಸಿರ್ಕಾ ಅವರ ನೆನಪಿನಿಂದ ಎಂದು. "ನೀನು ಎಲ್ಲಿ ನಿಲ್ತಿದ್ದೆ ಅಜ್ಜಿ?" ಎಂದಳು ಮಗು. ನಾನು ಬೆರಳಿಟ್ಟು ತೋರಿಸಿದೆ. ಬೂದು. "ಅಲ್ಲಿ ಏನೂ ಇಲ್ವಲ್ಲ" ಎಂದಳು.

ಅದನ್ನು ನನಗೆ ತಡೆಯಲಾಗಲಿಲ್ಲ. ನಿನಗೆ ಮದುವೆ ಸಿಕ್ಕಿತು, ಮನೆ ಸಿಕ್ಕಿತು, ಎತ್ತಿ ಇಳಿಸಿದ್ದು ಸಿಕ್ಕಿತು, ಈಗ ಹೆಸರು ಬರೆದ ಕಿಟಕಿಯೂ ಸಿಕ್ಕಿತು. ನನ್ನದು ಗೋಡೆ. ನಾನು ಆ ಊರಿನಲ್ಲಿ ಇರಲೇ ಇಲ್ಲವೇನೋ ಎನ್ನುವ ಹಾಗೆ. ನಾನು ಇಟ್ಟುಕೊಂಡಿದ್ದೇನೆ ಎಂದುಕೊಂಡದ್ದನ್ನು ಜನ ಇಲ್ಲ ಎಂದುಕೊಂಡಿದ್ದಾರೆ.

ಬರೆದುಕೋ, ಮಾರಿಕಾಗೆ ಕೊಡು.

ಬಾಗಿಲು ಹೊರಕ್ಕೆ ತೆರೆಯುತ್ತಿತ್ತು. ತೆರೆದರೆ ಜಗಲಿಯ ಬಲಗಡೆಯನ್ನು ಅದೇ ನುಂಗುತ್ತಿತ್ತು. ಎಡಗಡೆ ಒಂದೇ ಹೆಜ್ಜೆಯಾಚೆ, ಬೆಂಕಿ ಬಿದ್ದರೆ ಬೇಕೆಂದು ನೀರು ತುಂಬಿಟ್ಟ ಬಕೆಟ್ಟು, ಅದರಲ್ಲಿ ಯಾವಾಗಲೂ ಸಿಗರೇಟಿನ ತುಂಡು. ಕೆಳಗೆ ಉದ್ದಕ್ಕೆ ಎರಡೇ ಹಲಗೆ, ಟಾರು ಬಳಿದದ್ದು. ಬಿಸಿಲಿನ ದಿನ ಚಪ್ಪಲಿಗೆ ಅಂಟುತ್ತಿತ್ತು. ಹಿಡಿದುಕೊಳ್ಳಲು ಬರ್ಚ್ ಮರದ ಒಂದು ಗಳ, ಸಿಪ್ಪೆ ಪೂರ್ತಿ ತೆಗೆದಿರಲಿಲ್ಲ. ಅಲ್ಲಿಂದ ಮೆಟ್ಟಿಲು ಇಳಿದು ನೀರಿಗೆ. ಆಚೆ ದಂಡೆಯಲ್ಲಿ ಒಂದು ಸೌನಾ, ಹಬೆಸ್ನಾನದ ಮನೆ, ಅದರ ಹೊಗೆ ನೀರಿನ ಮೇಲೆ ಹಾಸಿಕೊಂಡಿರುತ್ತಿತ್ತು. ಬೆನ್ನನ್ನು ಗೋಡೆಗೆ ತಾಗಿಸಿ ನಿಂತರೆ ಚಪ್ಪಲಿಯ ತುದಿ ಹಲಗೆಯ ಅಂಚಿಗೆ ಬರುತ್ತಿತ್ತು. ಒಳಗಿನ ಅಕಾರ್ಡಿಯನ್ ವಾದ್ಯದ ಸದ್ದು ಗೋಡೆಯಿಂದ ಬೆನ್ನಿಗೆ ಬರುತ್ತಿತ್ತು, ಕಿವಿಗಲ್ಲ.

ಇಷ್ಟೇ. ಕಟ್ಟಡದ ವಿಷಯ ಕೇಳಿದ್ದೆ, ಹೇಳಿದ್ದೇನೆ.

ಅವನ ವರ್ಷದ ದಿನ ಹತ್ತಿರ ಬಂತಲ್ಲ. ನಿನ್ನ ಜೊತೆ ಯಾರಾದರೂ ಇರುತ್ತಾರಾ?

ಹೆಲ್ಲೆವಿ

—

ಪೆಲ್ಟೊಲಾ
ಮಾರ್ಚ್ 28, 2019

ಹೆಲ್ಲೆವಿ,

ವರ್ಷದ ದಿನ ಎಸ್ಕೊನ ತಮ್ಮ ಬಂದಿದ್ದ. ಸಮಾಧಿಯ ಮೇಲಿನ ಹಿಮ ಸರಿಸಿ ಮೇಣದ ಬತ್ತಿ ಹಚ್ಚಿದೆವು. ನೀನು ಕೇಳಿದ್ದು ಒಳ್ಳೆಯದಾಯಿತು.

ನಿನ್ನ ಜಗಲಿ ತಯಾರಾಗಿದೆ. ನಿನ್ನ ಕಾಗದದಲ್ಲಿ ಕಟ್ಟಡದ ಭಾಗವನ್ನಷ್ಟೇ ಮಾರಿಕಾಗೆ ಓದಿ ಹೇಳಿದ್ದೆ. ಹಳೆಯ ಹಲಗೆಗಳ ಅಳತೆ ಸಂಘದ ನಕ್ಷೆಯಲ್ಲಿ ಇತ್ತಂತೆ, ಎಲ್ಲ ಕಡೆ ಒಂದೇ ಹಲಗೆ ಬಳಸಿದ್ದರಂತೆ. ಎರಡು ಹಲಗೆ ಎಂದ ಮೇಲೆ ಅಗಲ ತಾನಾಗಿ ಸಿಕ್ಕಿತು. ತೆಳು ಬಣ್ಣ ಹಾಕಿ, ಬೇರೆಯವರಿಗೆ ತೋರಿಸುವ ಮುಂಚೆ ನನ್ನನ್ನು ಕರೆದಳು.

ಕನ್ನಡಕ ಕಟ್ಟಿಕೊಂಡು ನೆಲದ ಉದ್ದಕ್ಕೂ ನಡೆದೆ. ಬಾಗಿಲು ತೆರೆದಿತ್ತು. ನನ್ನ ಇಷ್ಟು ವಯಸ್ಸಿಗೆ ಮೊದಲ ಸಲ ಅದನ್ನು ದಾಟಿದೆ. ಎದುರಿಗೆ ನೀರು. ಹೊಗೆಯನ್ನೂ ಹಾಕಿದ್ದಾಳೆ. ನೀನು ಹೇಳಿದ ಹಾಗೆ ಗೋಡೆಗೆ ಬೆನ್ನು ಕೊಟ್ಟೆ. ಬಲಕ್ಕೆ ನೋಡಿದೆ, ಬಾಗಿಲು. ಎಡಕ್ಕೆ ನೋಡಿದೆ, ಬಕೆಟ್ಟು. ಕೆಳಗೆ ನೋಡಿದೆ. ಹಲಗೆ ಮುಗಿದು ನೀರು ಶುರುವಾಗಿತ್ತು.

ಎರಡನೆಯವರು ಎಲ್ಲಿ ನಿಲ್ಲುವುದು ಎಂದು ಹುಡುಕಿದೆ. ಜಾಗವೇ ಇರಲಿಲ್ಲ.

ಕನ್ನಡಕದ ತಪ್ಪಿರಬೇಕೆಂದುಕೊಂಡೆ. ಮಾರಿಕಾಗೆ ಹೇಳಿ ಅಷ್ಟೇ ಅಳತೆಗೆ ಗ್ರಂಥಾಲಯದ ನೆಲದ ಮೇಲೆ ಟೇಪು ಹಾಕಿಸಿದೆ. ಬಕೆಟ್ಟಿನ ಜಾಗಕ್ಕೆ ಕಸದ ಬುಟ್ಟಿ ಇಟ್ಟೆವು. ಪತ್ರಿಕೆ ಓದುತ್ತಿದ್ದ ವೈಕ್ಕೊನನ್ನು ಕರೆದೆ.

"ಬಾ, ಇಲ್ಲಿ ನನ್ನ ಪಕ್ಕ ನಿಲ್ಲು. ಗೆರೆ ದಾಟ್ಬೇಡ."

ಅವನು ಬಂದು ನಿಂತ. ಅವನ ಹೊಟ್ಟೆ ನನಗೆ ತಾಗಿತು. ಪಕ್ಕಕ್ಕೆ ತಿರುಗಿದ, ಭುಜ ತಾಗಿತು. ಹಿಂದಕ್ಕೆ ಸರಿದ, ಗೆರೆಯಾಚೆ ಕಾಲು ಹೋಯಿತು.

"ನೀರಿಗೆ ಬಿದ್ದೆ" ಎಂದೆ.

"ಬೀಳದೆ ಇರ್ಬೇಕು ಅಂದ್ರೆ ನಿನ್ನನ್ನ ತಬ್ಬಿಕೊಳ್ಬೇಕಾಗತ್ತೆ. ಇಲ್ಲಿ ಇಬ್ರು ನಿಂತ್ರೆ ಸೀದಾ ಪಾದ್ರಿ ಹತ್ರ ಹೋಗ್ಲೇಬೇಕು ಕಣಮ್ಮ" ಎಂದು ನಕ್ಕ. ನನ್ನ ಮುಖ ನೋಡಿ ನಗು ನಿಲ್ಲಿಸಿದ. "ಯಾಕೆ, ಏನಾಯ್ತು?" ಎಂದ. ಏನೂ ಇಲ್ಲ ಎಂದೆ. ಅವನು ಪತ್ರಿಕೆಯ ಕಡೆ ಹೊರಟು ಹೋದ.

ನನಗೆ ಸಿಟ್ಟು ಬಂದದ್ದು ನೀವಿಬ್ಬರೂ ತಬ್ಬಿಕೊಂಡಿದ್ದಕ್ಕಲ್ಲ. ಹರೆಯದವರು, ಬೇಸಿಗೆ, ನಾನು ಅವನಿಗೆ ಆಗ ಬರೀ ಕಾಫಿ ಕೊಡುವ ಹುಡುಗಿ. ಸಿಟ್ಟು ಬಂದದ್ದು ಆ ಒಂದು ತೋಳಿನ ಜಾಗಕ್ಕೆ. ಅದನ್ನು ಅವನು ಕುಂಚ ಎತ್ತದೆ ಮಾಡಿಕೊಟ್ಟಿದ್ದ. ನಾನು ಅದರೊಳಗೆ ಮನೆ ಕಟ್ಟಿಕೊಂಡಿದ್ದೆ. ಅವನು ಬದುಕಿದ್ದರೆ ಬೂಟನ್ನು ಹಿಮಕ್ಕೆ ಎಸೆದು, ಹೋಗಿ ತಂದುಕೋ ಎನ್ನುತ್ತಿದ್ದೆ. ಸತ್ತವನ ಮೇಲೆ ಹೊಟ್ಟೆಕಿಚ್ಚು ಪಡುವುದು ತುಂಬ ಕಷ್ಟ ಹೆಲ್ಲೆವಿ. ಜಗಳ ಆಡಿ ಮುಗಿಸೋಣ ಎಂದರೆ ಎದುರಿಗೆ ಯಾರೂ ಇಲ್ಲ.

ಮಾರಿಕಾ ಟೇಪು ಕೀಳುತ್ತಾ ಕೇಳಿದಳು, "ನೀವೂ ಎರಡನೇ ಸಾಕ್ಷಿ ಹೇಳಿದ್ರೆ ಪೂರ್ತಿ ಬಣ್ಣ ಹಾಕ್ಬಹುದು ಸಿರ್ಕಾ. ಹೀಗೇ ಇತ್ತಾ?"

ನಾನು ಸೋಮವಾರ ಹೇಳುತ್ತೇನೆ ಎಂದೆ.

ಸಿರ್ಕಾ

—

ಬೊರೋಸ್
ಏಪ್ರಿಲ್ 17, 2019

ಸಿರ್ಕಾ,

ನಿನ್ನ ಮಾರಿಕಾ ಫೋನು ಮಾಡಿದ್ದಳು. ಅಷ್ಟು ಮರ್ಯಾದೆಯಿಂದ ಮಾತಾಡಿದಳೆಂದರೆ ನಾನು ಕುರ್ಚಿಯಲ್ಲಿ ನೆಟ್ಟಗೆ ಕೂತೆ. "ಹೆಲ್ಲೆವಿ ಅವರೇ, ಒಂದು ವ್ಯತ್ಯಾಸ ಬಂದಿದೆ" ಎಂದಳು. "ಜಗಲಿ ನೀವು ಹೇಳಿದ್ದಕ್ಕಿಂತ ಒಂದು ತೋಳಿನಷ್ಟು ಹೆಚ್ಚು ಅಗಲ ಇತ್ತು ಅಂತಾರೆ ಸಿರ್ಕಾ. ಇಬ್ಬರ ಮಾತು ಬೇರೆ ಬೇರೆ ಆದ್ರೆ ಅದನ್ನ ಮತ್ತೆ ಬೂದು ಮಾಡ್ಬೇಕಾಗತ್ತೆ. ನೀವೇನಂತೀರಿ?"

 

ಕಳ್ಳಿ ನೀನು. ನಿನ್ನ ಜೀವಮಾನದಲ್ಲಿ ಕಾಲಿಡದ ಜಗಲಿ, ನಾನು ನಿಂತಿದ್ದ ಜಗಲಿ, ಅದರ ಅಳತೆಯನ್ನು ನೀನು ಹೇಳುತ್ತೀಯ. ಎರಡು ಹಲಗೆ, ಸಿರ್ಕಾ. ಎರಡೇ. ನನ್ನ ಹತ್ತಿರ ಅವನದೆಂದು ಇದ್ದ ಅಗಲ ಅಷ್ಟೇ. ಅಷ್ಟು ಸಾಕು ಎಂದುಕೊಂಡಿದ್ದೆ ನಾನು. ಇಷ್ಟು ಹತ್ತಿರ ನಿಂತವನು ಒಂದು ಮಾತು ಹೇಳಿಯೇ ಹೇಳುತ್ತಾನೆ, ಹೋಗಬೇಡ ಎಂದು. ಎರಡು ಬೇಸಿಗೆ ಕಾದೆ. ಹಡಗು ಹತ್ತುವ ದಿನ ತುರ್ಕು ಬಂದರಿನಲ್ಲಿ ಎಲ್ಲರೂ ಮುಂದೆ ನೋಡುತ್ತಿದ್ದರು, ನಾನೊಬ್ಬಳು ಹಿಂದೆ ನೋಡುತ್ತಿದ್ದೆ. ಅವನು ಆ ದಿನ ಸಂಘದ ಸೌದೆ ಒಡೆಯುತ್ತಿದ್ದನಂತೆ. ಆಮೇಲೆ ನಮ್ಮಮ್ಮ ಬರೆದಿದ್ದಳು.

ಮೈಗೆ ಮೈ ತಾಗಿಸಿಕೊಂಡು ನಿಂತವಳನ್ನು ಬಿಟ್ಟ. ಕಿಟಕಿಯಾಚೆ ಇದ್ದವಳನ್ನು ಹಲಗೆ ದಾಟಿಸಿ ಎತ್ತಿಕೊಂಡ. ಹೊಟ್ಟೆಕಿಚ್ಚು ಪಡಬೇಕಾದವಳು ನಾನು. ಅದನ್ನೂ ನೀನೇ ಪಟ್ಟು ಮುಗಿಸಿದ್ದೀಯ.

"ಸಿರ್ಕಾ ಹೇಳಿದ್ದೇ ಸರಿ, ನನಗೆ ವಯಸ್ಸಾಗಿದೆ" ಎಂದೆ ಮಾರಿಕಾಗೆ.

ಯಾಕೆ ಹಾಗೆಂದೆ ಎಂದು ಕೇಳಬೇಡ. ಬೂದಾಗುವುದು ನನಗೆ ಬೇಡವಾಗಿತ್ತು, ಅದೊಂದು. ಇನ್ನೊಂದು, ಅವನು ದೋಣಿಗೆ ಟಾರು ಬಳಿಯುತ್ತಾ ತಲೆ ಎತ್ತದೆ ಹೇಳುತ್ತಿರುವುದು ಕಣ್ಣಿಗೆ ಬಂತು. ಸುಳ್ಳು ಹೇಳಲು ಬಾರದವನು, ಪಾಪ. ಎಷ್ಟು ಕಷ್ಟಪಟ್ಟಿರಬೇಕು.

ಆದರೆ ಅಗಲ ಮಾಡುವ ಅಧಿಕಾರ ನಿನಗೆ ಯಾರು ಕೊಟ್ಟರು? ಉತ್ತರ ಬರೆ.

ಹೆಲ್ಲೆವಿ

—

ಪೆಲ್ಟೊಲಾ
ಮೇ 5, 2019

ಹೆಲ್ಲೆವಿ,

ಯಾರೂ ಕೊಡಲಿಲ್ಲ. ನಾನೇ ತೆಗೆದುಕೊಂಡೆ. ಹೊಟ್ಟೆಕಿಚ್ಚಿನಿಂದಲೇ ತೆಗೆದುಕೊಂಡೆ, ಬೇರೆ ಹೆಸರು ಇಡುವುದಿಲ್ಲ.

ಸೋಮವಾರ ಹೋಗುವ ಮುಂಚೆ ಭಾನುವಾರ ಪೂರ್ತಿ ಯೋಚಿಸಿದ್ದೆ. ಹೌದು, ಹೀಗೇ ಇತ್ತು ಎಂದರೆ ನೀವಿಬ್ಬರೂ ಅಲ್ಲಿ ಪೂರ್ತಿ ಬಣ್ಣದಲ್ಲಿ ಅಂಟಿಕೊಂಡು ನಿಂತಿರುತ್ತೀರಿ, ಊರು ಇರುವವರೆಗೂ. ಗೊತ್ತಿಲ್ಲ ಎಂದರೆ ನಿನ್ನದು ತೆಳುವಾಗಿ ಉಳಿಯುತ್ತದೆ, ನನ್ನ ಕಿಟಕಿ ಒಂದೇ ಗಟ್ಟಿಯಾಗಿ ನಿಲ್ಲುತ್ತದೆ. ಅದು ಬೇಕೆನಿಸಿತ್ತು, ಬಹಳ ಬೇಕೆನಿಸಿತ್ತು. ಆದರೆ ನಿನ್ನ ಮೊಮ್ಮಗಳು ಅಲ್ಲಿ ಏನೂ ಇಲ್ಲವಲ್ಲ ಎಂದದ್ದು ನೆನಪಾಯಿತು. ಬಾಯಿಂದ ಮೂರನೆಯದು ಬಂತು. "ಇತ್ತು. ಆದ್ರೆ ಇನ್ನೂ ಒಂದು ತೋಳು ಅಗಲ ಇತ್ತು."

ಮಾರಿಕಾ ಪೆನ್ನು ಕೆಳಗಿಟ್ಟಳು. "ನೀವು ಅಲ್ಲಿಗೆ ಹೋಗಿದ್ರಾ ಸಿರ್ಕಾ?"

"ಹೋಗಿದ್ದೆ" ಎಂದೆ. "ಮೊನ್ನೆ ನೀನೇ ಕಳಿಸಿದ್ಯಲ್ಲ."

 ಅವಳು ನಿನ್ನ ಫೋನು ನಂಬರು ಕೇಳಿದಳು. ನೀನು ಒಪ್ಪುವುದಿಲ್ಲ, ಬೂದಾಗುತ್ತದೆ, ನನ್ನ ಪಾಪ ನನಗೇ ತಟ್ಟುತ್ತದೆ ಎಂದುಕೊಂಡೇ ಕೊಟ್ಟೆ. ನೀನು ಒಪ್ಪಿದೆ ಎಂದು ಅವಳು ಹೇಳಿದಾಗ ಇನ್ನೊಮ್ಮೆ ಹೇಳು ಎಂದೆ.

ನಿನ್ನ ಕಾಗದ ಬಂದ ಮೇಲೆ ಎಸ್ಕೊನ ಜೊತೆ ಜಗಳ ಮುಗಿಯಿತು. ಬಂದರಿಗೆ ಬರಲಿಲ್ಲವಲ್ಲ ಅವನು, ಅದಕ್ಕೆ ನಿನ್ನ ಪರವಾಗಿಯೂ ನಾಲ್ಕು ಮಾತು ಬೈದೆ. ಬೂಟನ್ನು ಅವನ ತಮ್ಮನಿಗೆ ಕೊಟ್ಟೆ. ಅವನಿಗೆ ಸರಿಯಾಗಿ ಆಗುತ್ತದೆ.

ನಡುಬೇಸಿಗೆಯ ಜುಹಾನ್ನುಸ್ ಹಬ್ಬದ ಹಿಂದಿನ ಶನಿವಾರ ಎಲ್ಲರಿಗೂ ತೆರೆಯುತ್ತಾರೆ. ಸಂಘದವರು ಬಾಗಿಲಿಗೆ ಬರ್ಚ್ ಕೊಂಬೆ ಕಟ್ಟುತ್ತಾರಂತೆ, ಗ್ರಂಥಾಲಯದ ಬಾಗಿಲಿಗೆ. ಕಾಫಿ ಮಾಡುವವಳು ನಾನೇ, ಬೇರೆ ಯಾರಿಗೂ ಬಿಡುವುದಿಲ್ಲ. ಹಡಗಿನಲ್ಲಿ ತುರ್ಕುವಿಗೆ ಬಾ, ಅಲ್ಲಿಂದ ಬಸ್ಸಿದೆ. ನಿಲ್ದಾಣಕ್ಕೆ ನಾನು ಬರುತ್ತೇನೆ. ಸೊಂಟ ನೋವಾದರೆ ಕೋಲು ತಾ, ನಾಚಿಕೊಳ್ಳಬೇಡ. ಸೋಫಾ ಗಟ್ಟಿಯಾಗಿದೆ, ಅದರ ಮೇಲೆ ಮಲಗು. ಹಾಸಿಗೆ ಕೊಡುವುದಿಲ್ಲ.

ಮಾರಿಕಾಳ ಹತ್ತಿರ ಈಗ ಎರಡು ಕನ್ನಡಕಗಳಿವೆ, ಇಬ್ಬರು ಒಟ್ಟಿಗೆ ನಡೆಯಬಹುದು. ನಿನ್ನ ಜಗಲಿಗೆ ಪೂರ್ತಿ ಬಣ್ಣ ಬಂದಿದೆ, ಟಾರು ಮಿಂಚುತ್ತದೆ. ಅದರ ಕೆಳಗೆ ನಿನ್ನ ಹೆಸರಿದೆ, ನಾನೇ ಹೇಳಿ ಬರೆಸಿದ್ದೇನೆ. ನಿನ್ನ ಎರಡು ಹಲಗೆಗಳು ಗೋಡೆಯ ಪಕ್ಕದಲ್ಲಿ ಇದ್ದ ಹಾಗೇ ಇವೆ, ಮುಟ್ಟಿಲ್ಲ. ಅವುಗಳ ಮೇಲೆ ನೀನು ನಿಲ್ಲು, ಅವನೂ ಅಲ್ಲೇ ನಿಲ್ಲಲಿ, ಹೇಗೆ ನಿಂತಿದ್ದನೋ ಹಾಗೆ. ಹೊಸದಾಗಿ ಬಂದ ಅಗಲ ನನಗೆ. ಅಲ್ಲಿ ಈಗ ಮೂವರು ಹಿಡಿಸುತ್ತೇವೆ.

ಅವನ ಜೊತೆ ನಿನ್ನೊಬ್ಬಳನ್ನೇ ಇನ್ನು ಬಿಡುವುದಿಲ್ಲ.

ಸಿರ್ಕಾ